ಬಾಕಿ ಉಳಿದ ಸ್ವರ

ಪಿಯಾನೋ ಮೇಷ್ಟ್ರ ಪಾಠ ವಯಸ್ಸಿಗೆ ತಕ್ಕಂತೆ ಬದಲಾಗುತ್ತಿತ್ತು. ಪುಟ್ಟಿಗೆ, "ಬೆರಳುಗಳು ಬೆಕ್ಕಿನ ಮರಿಗಳು ಕಣಮ್ಮ, ಮೆಲ್ಲಗೆ ನಡೆಸು" ಎನ್ನುವರು. ಹಲ್ಲಿನ ಡಾಕ್ಟರಿಗೆ, "ಇದು ದವಡೆಯಲ್ಲ ಸಾರ್, ಕೀಳಬೇಡಿ, ಒತ್ತಿ." ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ತಾತನಿಗೆ, "ನಿಧಾನ ತಾತ, ನೀವು ಬಾವುಟ ತೋರಿಸದೆ ಹಾಡು ಹೊರಡಲ್ಲ."

ಆದರೆ ಒಂದು ಕಟ್ಟಳೆ ಮಾತ್ರ ಎಲ್ಲರಿಗೂ ಒಂದೇ. ಹಾಡು ಪೂರ್ತಿ ಪಳಗುವ ತನಕ ಅದರ ಕೊನೆಯ ಸ್ವರವನ್ನು ಮುಟ್ಟುವಂತಿಲ್ಲ. ಆ ಒಂದು ಸ್ವರದ ಆಸೆಗೆ ಶಿಷ್ಯರು ನಾಳೆಯೂ ಬರುತ್ತಾರೆಂಬುದು ಮೇಷ್ಟ್ರ ಲೆಕ್ಕಾಚಾರ. ಇದುವರೆಗೆ ಯಾರ ಹಾಡೂ ಪಳಗಿರಲಿಲ್ಲ.

ಈ ಕಟ್ಟಳೆಯೇ ಅವತ್ತು ಮೇಷ್ಟ್ರ ಕುತ್ತಿಗೆಗೆ ಬಂತು. ಬೆಳಗ್ಗೆಯೇ ಕೆಳಗಿನ ಮನೆಯ ದೊಡ್ಡಮ್ಮ, ಅಂದರೆ ಮನೆಯ ಒಡತಿ, ಸೌಟು ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಏನ್ರೀ ಮೇಷ್ಟ್ರೇ, ಸೀನು ಮೂಗಿನ ತುದೀಗೆ ಬಂದು ನಿಂತುಬಿಟ್ಟ ಹಾಗಾಗುತ್ತಲ್ರೀ ದಿನಾ! ಈಗ ಮುಗಿಯುತ್ತೆ, ಈಗ ಮುಗಿಯುತ್ತೆ ಅಂತ ಕಾದು ಕಾದು ನನ್ನ ಹಾಲೆಲ್ಲ ಒಲೆ ಪಾಲು. ಸಂಜೆಯೊಳಗೆ ಆ ಹಾಡು ಮುಗೀಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ!"

ಪಿಯಾನೋ ಹೊತ್ತು ತರುವವನಿಗೆ ಬೇರೆ ಯಾರು ಮನೆ ಕೊಟ್ಟಾರು? ಸಂಜೆ ಶಿಷ್ಯರು ಬಂದೊಡನೆ ಮೇಷ್ಟ್ರು ಅಂಗಲಾಚಿದರು: "ಇವತ್ತೊಂದು ದಿನ ಕೊನೆಯ ಸ್ವರ ಬಾರಿಸಿಬಿಡ್ರಪ್ಪಾ!"

ಪುಟ್ಟಿ ಚೆನ್ನಾಗಿಯೇ ಬಾರಿಸಿದಳು. ಕೊನೆ ಬಂದೊಡನೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ಆಮೇಲೆ ನೀವೇ ಬೈತೀರಾ" ಎಂದಳು. ಯಾವ ದವಡೆಗೂ ಹೆದರದ ಡಾಕ್ಟರ ಬೆರಳು ಗಾಳಿಯಲ್ಲೇ ನಿಂತಿತು. ತಾತನಂತೂ ಎದ್ದೇಬಿಟ್ಟರು. "ಪರೀಕ್ಷೆ ಮಾಡ್ತಿದ್ದೀರಿ ತಾನೆ? ನಾನು ಬೀಳೋ ಪೈಕಿ ಅಲ್ಲ."

ಕೊನೆಗೆ ಮೇಷ್ಟ್ರೇ ಕೂತರು. ಸೊಗಸಾಗಿ ನುಡಿಸುತ್ತ ಬಂದರು. ಕೊನೆಯ ಸ್ವರ ಬರುತ್ತಿದ್ದಂತೆ, ಹಾಳು ಅಭ್ಯಾಸ, ಅವರ ಕೈಯೂ ತಾನಾಗಿಯೇ ಮಡಿಲಿಗೆ ಇಳಿಯಿತು.

ಬಾಗಿಲು ಧಡಾರನೆ ತೆರೆಯಿತು. ದೊಡ್ಡಮ್ಮ ನೇರ ಬಂದವರೇ ಒಂದೇ ಬೆರಳಲ್ಲಿ ಒತ್ತಿದರು. ಟಣ್! ಒತ್ತಿದ ಕೀಲಿ ತಪ್ಪಲಿಲ್ಲ, ಸ್ವರ ತಪ್ಪಲಿಲ್ಲ. ಬೀದಿಯವರೆಲ್ಲ "ಹಾ!" ಎಂದು ಉಸಿರುಬಿಟ್ಟರು. ಡಾಕ್ಟರ ಕಣ್ಣಲ್ಲಿ ನೀರೇ ಬಂತು.

"ಎಲ್ಲಿ ಕಲಿತಿರಮ್ಮಾ?" ತಾತ ಕೇಳಿದರು.

"ಕಲಿಯೋದೇನು ಬಂತು? ವರ್ಷಗಟ್ಟಲೆ ನನ್ನ ತಲೆ ಮೇಲೇ ಬಿದ್ದಿದೆಯಲ್ಲ!"

"ನಮಗೂ ಹೇಳಿಕೊಡಿ!" ಎಂದು ಮೂವರೂ ದುಂಬಾಲು ಬಿದ್ದರು. ದೊಡ್ಡಮ್ಮ ಕರಗಿಹೋದರು. "ಮೇಷ್ಟ್ರೇ, ನೀವಿಲ್ಲೇ ಇರಿ. ಪಿಯಾನೋ ಮಾತ್ರ ಕೆಳಗಿಳಿಸಿ."

ಸದ್ಯ ಮನೆ ಉಳಿಯಿತಲ್ಲ ಎಂದು ಪಿಯಾನೋದ ಭಾರದ ಕಡೆಗೆ ಮೇಷ್ಟ್ರೇ ಹೆಗಲು ಕೊಟ್ಟರು. ಮೇಲೆ ಬಂದು ಸುಖವಾಗಿ ಮೈ ಚಾಚಿದರೋ ಇಲ್ಲವೋ, ಕೆಳಗಿನಿಂದ ಟಣ್! ಸ್ವಲ್ಪ ಹೊತ್ತಿಗೆ ಮತ್ತೆ ಟಣ್! ಹಾಡಿಲ್ಲ, ಪಾಡಿಲ್ಲ, ಬರೀ ಟಣ್!

ತಲೆ ಚಿಟ್ಟುಹಿಡಿದು ಮೇಷ್ಟ್ರು ಕೆಳಗೆ ಓಡಿದರು. "ದೊಡ್ಡಮ್ಮಾ, ಕೈ ಮುಗೀತೀನಿ, ಮೊದಲಿಂದ ಬಾರಿಸೋಕೆ ಹೇಳಿ!"

ದೊಡ್ಡಮ್ಮ ಸೌಟು ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದರು. "ಅದು ಹಾಗಲ್ಲ ಮೇಷ್ಟ್ರೇ. ಕೊನೇದು ಪಳಗೋವರೆಗೂ ಮೊದಲನೇದು ಮುಟ್ಟೋ ಹಾಗಿಲ್ಲ. ನಮ್ಮ ಪಾಠದ ಕಟ್ಟಳೆ."