ಯಾವ ಬೀರು ಇಡಬೇಕು, ಯಾವುದನ್ನು ಕುಡಿಯಬೇಕು

ಬೇರೆಯವರ ಮನೆಯಲ್ಲಿ ವಸ್ತುಗಳು ತಮ್ಮಷ್ಟಕ್ಕೆ ಹಳತಾಗುತ್ತವೆ. ನಾನು ಏನನ್ನಾದರೂ ಹಳತು ಮಾಡಲು ಹೊರಟರೆ ಮಾತ್ರ ಒಂದಲ್ಲ ಒಂದು ಪ್ರಸಂಗ ಆಗಿಯೇ ತೀರುತ್ತದೆ. ಆಗ ನಾನು ಮೋಜಣಿ ಖಾತೆಯಲ್ಲಿ ಹೊಲ ಅಳೆಯುವವನು. ಕೆಲಸದಲ್ಲಿ ಎಷ್ಟು ಚುರುಕೆಂದರೆ, ಒಂದೂವರೆ ವರ್ಷದಲ್ಲಿ ನಾಲ್ಕು ತಾಲೂಕಿನವರು ನನ್ನನ್ನು ಕರೆಸಿಕೊಂಡರು. ಮೂರು ತಾಲೂಕಿನವರು ಸಾಗಹಾಕಿದರು ಅನ್ನುವವರೂ ಇದ್ದಾರೆ. ಹೊಟ್ಟೆಕಿಚ್ಚು.

ಕುಡಿತಕ್ಕೆ ಹಾಕಿದ್ದ ದಾರೂಬಂದಿಯನ್ನು ಸರಕಾರ ಎತ್ತಿದ ಹೊಸತು. ಮಿಲಿಟರಿಯಲ್ಲಿದ್ದ ನನ್ನ ಹೆಂಡತಿಯ ತಮ್ಮ ರಜೆಗೆ ಬಂದವನು ಮೂರು ಬಾಟ್ಲಿ ಬೀರು ಕೊಟ್ಟ: ಒಂದು ಹಳದಿ, ಒಂದು ಕಂದು, ಒಂದು ಕಪ್ಪು. "ಭಾವಾ, ಇದರಾಗ ಯಾವುದೋ ಒಂದು ಇಟ್ಟಷ್ಟೂ ರುಚಿ ಆಗತೈತಂತ. ಯಾವುದಂತ ನನಗೂ ಗೊತ್ತಿಲ್ಲ" ಅಂದ. ಅದನ್ನು ಪತ್ತೆ ಹಚ್ಚಬಲ್ಲ ಗಂಡಸು ಜಿಲ್ಲೆಯಲ್ಲಿ ನಾನೊಬ್ಬನೇ ಅಂದೆ.

ಹೆಂಡತಿ ಒಂದೇ ಮಾತು ಹೇಳಿದಳು: "ಏನರ ಮಾಡ್ರಿ. ನಮ್ಮಪ್ಪನ ಕಿವಿಗೆ ಬಿದ್ರ ಮಾತ್ರ ನಾ ತವರಮನಿ ಹೊಸ್ತಿಲಾ ತುಳಿಯಾಂಗಿಲ್ಲ. ಹುಡುಗಗ ಒಂದೂ ಚಟ ಇಲ್ಲಂತ ನೋಡಿ ಕೊಟ್ಟಾರ."

೧. ಶಿಗ್ಗಾವಿಯ ಬಿಸಿಲು

ಮನೆಯ ಮಾಳಿಗೆಯ ಮೇಲೆ ಹೆಂಡತಿ ಉಪ್ಪಿನಕಾಯಿ ಭರಣಿ ಬಿಸಿಲಿಗಿಟ್ಟಿದ್ದಳು. ಬಿಸಿಲುಂಡರೆ ಉಪ್ಪಿನಕಾಯಿ ವರ್ಷಗಟ್ಟಲೆ ನಿಲ್ಲುತ್ತದೆ, ಬೀರು ಯಾಕೆ ನಿಲ್ಲಬಾರದು? ಹಳದಿ ಬಾಟ್ಲಿಯನ್ನು ಭರಣಿಗಳ ನಡುವೆ ಕೂಡಿಸಿದೆ.

"ಅದಕ್ಕ ಉಪ್ಪು ಐತಿ, ಎಣ್ಣಿ ಐತಿ. ಇದಕ್ಕೇನೈತಿ?" ಹೆಂಡತಿ ಕೇಳಿದಳು.

"ನಾನಿದ್ದೇನಲ್ಲ" ಅಂದೆ.

ಹದಿನೈದು ದಿನ ಬಿಟ್ಟು ಮುಚ್ಚಳ ತೆಗೆದೆ. ಆ ವಾಸನೆಗೆ ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಪಕ್ಕದ ಮನೆಯ ಅಜ್ಜಿ ಕೂಗಿದಳು: "ತಮ್ಮಾ, ನಿಮ್ಮ ಮಾಳಿಗಿ ಮ್ಯಾಲೆ ಕಾಡಬೆಕ್ಕು ಹೊಕ್ಕೈತೇನು?"

"ಹೊಕ್ಕಿತ್ತವಾ, ಓಡಿಸಿದೆ" ಅಂದೆ. ನಾನು ಬರಿಗೈಲಿ ಕಾಡಬೆಕ್ಕು ಓಡಿಸಿದವನೆಂದು ಆ ಓಣಿಯಲ್ಲಿ ಇವತ್ತಿಗೂ ಹೆಸರಿದೆ.

೨. ಹಾನಗಲ್ಲಿನ ಭತ್ತ

ಹಾನಗಲ್ಲಿಗೆ ಬದಲಿ ಆಯಿತು. ಅಲ್ಲಿ ಅಕ್ಕಿ ಹಳತಾದಷ್ಟೂ ಬೆಲೆ. ಮನೆ ಬಾಡಿಗೆಗೆ ಕೊಟ್ಟ ರೈತನನ್ನು ಒಪ್ಪಿಸಿ, ಅವನ ಭತ್ತದ ಕಣಜದಲ್ಲಿ ಕಂದು ಬಾಟ್ಲಿಯನ್ನು ಅಡ್ಡ ಮಲಗಿಸಿದೆ. ಹೊಸ ಭತ್ತ, ಒಳಗೆ ಕಾವು. ಮುಚ್ಚಳ ತುಕ್ಕು ಹಿಡಿದು ಬೀರೆಲ್ಲ ಭತ್ತದೊಳಗೆ ಸೋರಿಹೋಯಿತು. ಬಾಟ್ಲಿ ನಿಲ್ಲಿಸಿಡಬೇಕು ಎಂಬುದು ಅಂದು ನಾನು ಜಗತ್ತಿಗೆ ಕೊಟ್ಟ ಪಾಠ.

ಒಂದು ಬೆಳಿಗ್ಗೆ ಆ ರೈತ ಓಡಿಬಂದ. "ಸಾಹೇಬ್ರ, ಜಲ್ದಿ ಬರ್ರಿ! ಕಣಜದಾಗಿನ ಇಲಿ ಹೊರಗ ಬಂದು ಬೆಕ್ಕಿನ ಮುಂದ ಸಾಲಾಗಿ ಕುಂತಾವ."

"ಬೆಕ್ಕು ಏನು ಮಾಡಾಕತ್ತೈತಿ?"

"ಅಂಜಿ ಮಾಡಿನ ಮ್ಯಾಲೆ ಏರೈತ್ರಿ."

೩. ಸವಣೂರಿನ ಎಲೆಯವನು

ಉಳಿದದ್ದು ಕಪ್ಪು ಒಂದೇ. ಸವಣೂರಿನಲ್ಲಿ ವೀಳ್ಯದೆಲೆ ಮಾರುವ ಮುದುಕನೊಬ್ಬನಿಗೆ ನನ್ನ ಕಷ್ಟ ಹೇಳಿಕೊಂಡೆ. ಅವನು ಎರಡು ಎಲೆ ಎತ್ತಿ ತೋರಿಸಿದ. "ಈ ಎಳೀ ಎಲಿ ಇವತ್ತ ತಿನ್ನಬೇಕು. ಈ ಬಲಿತದ್ದು ಒದ್ದಿ ಅರಿವ್ಯಾಗ ನೆಳ್ಳಿಗೆ ಇಟ್ರ ದಿನಾ ದಿನಾ ಹಣ್ಣಾಗತೈತಿ. ನಿಮ್ಮದೂ ಹಂಗ. ತೆಳ್ಳಂದು ಕುಡೀರಿ, ಕರ್ರಗ ಗಟ್ಟಿ ಇದ್ದದ್ದು ಕತ್ತಲದಾಗ ಇಡ್ರಿ."

"ಎಷ್ಟು ದಿನಾ ತಡೀತೈತಿ, ಅಜ್ಜಾ?"

"ಅದು ತಡೀತೈತ್ರಿ. ನೀವು ಎಷ್ಟು ದಿನಾ ತಡೀತೀರಿ, ಅದನ್ನ ಹೇಳ್ರಿ."

೪. ಹಿರೇಕೆರೂರಿನ ಎಣ್ಣೆ

ತಡೆದೆ! ಹಿರೇಕೆರೂರಿನ ಮನೆಯ ಕತ್ತಲ ಮೂಲೆಯಲ್ಲಿ ಕಪ್ಪು ಬಾಟ್ಲಿಯನ್ನು ನಿಲ್ಲಿಸಿ ವರ್ಷ ತುಂಬಿಸಿದೆ. ಒಂದು ರವಿವಾರ ಮಧ್ಯಾಹ್ನ ಕಚೇರಿಯ ಇಬ್ಬರು ಗೆಳೆಯರನ್ನು ಸಾಕ್ಷಿಗೆ ಕರೆದು, ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮುಚ್ಚಳ ತೆಗೆದೆ. ಅದೇ ಬಾಗಿಲಲ್ಲಿ ಮಾವನವರು! ಹಾವೇರಿ ಬಸ್ಸಿಗೆ ಬಂದಿಳಿದಿದ್ದರು, ಹಣೆತುಂಬ ವಿಭೂತಿ.

"ಅದೇನು ಕೈಯಾಗ?"

"ಎಣ್ಣಿ ರೀ. ತಲಿಗೆ ಹಚ್ಚೋದು, ತಂಪು."

ಮಾವನವರು ರುಮಾಲು ಬಿಚ್ಚಿ ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. "ಬಸ್ಸಿನ್ಯಾಗ ತಲಿ ಕಾದೈತಿ. ಹಚ್ಚರಿ."

ಹಚ್ಚಿದೆ. ವರ್ಷದ ತಪಸ್ಸನ್ನು ಆ ಬೋಳುತಲೆಗೆ ಸುರಿದು ತಿಕ್ಕಿದೆ. ಬುಸ್ಸೆಂದು ನೊರೆ ಎದ್ದಿತು.

"ಎಣ್ಣಿ ನೊರಿ ಬಿಡಾಕತ್ತೈತಲ್ಲ, ಅಳಿಯಂದ್ರ?"

"ಶುದ್ಧ ಐತ್ರಿ, ಅದಕ್ಕ."

ಗೆಳೆಯರು ಗೋಡೆ ಕಡೆ ಮುಖ ಮಾಡಿ ಕೆಮ್ಮತೊಡಗಿದರು. ಹೆಂಡತಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಒಂದು ಧಾರೆ ಹಣೆಯಿಂದ ಮೂಗಿಗೆ, ಮೂಗಿನಿಂದ ಮೀಸೆಗೆ ಇಳಿಯಿತು. ಮಾವನವರ ನಾಲಿಗೆ ಹೊರಬಂದು, ಮೀಸೆ ಸವರಿ, ಒಳಗೆ ಹೋಯಿತು. ಕಣ್ಣು ಮುಚ್ಚಿದರು. ನನ್ನ ಸಂಸಾರ ಆ ಮೀಸೆಯ ತುದಿಯಲ್ಲಿ ತೂಗುತ್ತಿತ್ತು.

"ತಲಿಗೆ ಸಾಕು" ಅಂದರು. "ಉಳಿದದ್ದು ಲೋಟಕ್ಕ ಹಾಕ್ರಿ."

ನಿಧಾನವಾಗಿ ಕುಡಿದು ಲೋಟ ಕೆಳಗಿಟ್ಟರು. "ಕರೇದನ್ನ ಇಟ್ಟದ್ದು ಶ್ಯಾಣ್ಯಾತನ. ಆದ್ರ ಅವಸರ ಮಾಡಿದ್ರಿ. ನಮ್ಮ ಮನ್ಯಾಗಿಂದು ದಾರೂಬಂದಿ ಕಾಲದ್ದು, ಮೂರನೇ ವರ್ಷಕ್ಕ ಬಿದ್ದೈತಿ. ನಿಮ್ಮ ಅತ್ತೆಯವರಿಗೆ ನಾನೂ ಎಣ್ಣಿ ಅಂತನ ಹೇಳೇನಿ."