ಭಾವ ಪಾಸು ಮಾಡಿದ ಬ್ಯಾಗು

ನಾನು ಓದು ನಿಲ್ಲಿಸಿದ್ದು 1993ರಲ್ಲಿ, ಹತ್ತನೇ ತರಗತಿಯ ಅರ್ಧಕ್ಕೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ನಮ್ಮ ಭಾವ ತಪಾಸಣೆ ಶುರು ಮಾಡಿದ್ದು ಯಾವ ವರ್ಷವೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಹುಟ್ಟಿದ ದಿನವೇ ತೊಟ್ಟಿಲಿನ ಹಗ್ಗ ಎಳೆದು ನೋಡಿ, ಗಟ್ಟಿಯಿದೆ ಎಂದು ಖಾತ್ರಿಯಾದ ಮೇಲೆಯೇ ಮಲಗಿರಬೇಕು!

ಭಾವ ಎಂದರೆ ನನ್ನ ಅಕ್ಕನ ಗಂಡ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ಕೆಲಸ. ತಯಾರಾದ ಪೀಸುಗಳನ್ನು ಅಳೆದು, ಸರಿಯಿದ್ದರೆ ಪಾಸು. ಇಲ್ಲದಿದ್ದರೆ ಕೆಂಪು ಮಾರ್ಕರಿನಲ್ಲಿ ಗುರುತು, ಅಂದರೆ ರಿಜೆಕ್ಟ್. ಸಂಜೆ ಅವರು ಕಾರ್ಖಾನೆಯನ್ನು ಬಿಟ್ಟು ಬರುತ್ತಿದ್ದರು, ಆ ಕೆಲಸ ಮಾತ್ರ ಅವರನ್ನು ಬಿಡುತ್ತಿರಲಿಲ್ಲ. ಬಾಗಲಗುಂಟೆಯ ಮನೆಯಲ್ಲಿ ಅಕ್ಕ ಬಡಿಸಿದ ಮುದ್ದೆಯನ್ನು ತಟ್ಟೆಯಲ್ಲೇ ಒಂದು ಸುತ್ತು ಉರುಳಿಸಿ, ದುಂಡಗಿದೆಯೇ ಎಂದು ನೋಡುವರು. ಅಕ್ಕನೂ ಕಡಿಮೆಯವಳಲ್ಲ. “ಉರುಳಿಸ್ರೀ, ಚೆನ್ನಾಗಿ ಉರುಳಿಸ್ರೀ. ನಾಳೆಯಿಂದ ಮುದ್ದೆಕೋಲೂ ನೀವೇ ಹಿಡೀರಿ” ಎಂದಳೆಂದರೆ ಮುದ್ದೆ ಕೂಡಲೇ ಪಾಸು.

ಓದು ಬಿಟ್ಟ ನನ್ನನ್ನು ಮನೆಯಲ್ಲಿಟ್ಟುಕೊಂಡು ಕೆಲಸ ಕಲಿಯಲು ಹಚ್ಚಿದವರೂ ಇವರೇ. ಎಷ್ಟೋ ವರ್ಷ ಬೇರೆಯವರ ಷೆಡ್ಡಿನಲ್ಲಿ ದುಡಿದು, ಕೊನೆಗೆ ನನ್ನದೇ ಒಂದು ಡ್ರಿಲ್ಲಿಂಗ್ ಮಷಿನ್ ಹಾಕಿದೆ. ಕಾರ್ಖಾನೆಗಳ ಪೀಸುಗಳಿಗೆ ತೂತು ಹೊಡೆದುಕೊಡುವ ಕೆಲಸ. ಆಫೀಸು, ಗುಮಾಸ್ತ, ಮ್ಯಾನೇಜರು ಎಲ್ಲ ನನ್ನ ಫೋನೇ. ಎತ್ತದಿದ್ದರೆ ಕೆಲಸ ಪಕ್ಕದ ಷೆಡ್ಡಿಗೆ! ಹಾಗಾಗಿ ಸೈಕಲ್ ತುಳಿಯುತ್ತಲೇ ಮಾತಾಡುತ್ತಿದ್ದೆ. ಹ್ಯಾಂಡಲಿಗೆ ಒಂದು ಕೈ ಸಾಲದೇ? ಆದರೆ ಅಂಗಿಯ ಜೇಬಿನಲ್ಲಿಟ್ಟರೆ ಫೋನ್ ಬೀಳುತ್ತಿತ್ತು, ಪ್ಯಾಂಟಿನ ಜೇಬಿನಲ್ಲಿಟ್ಟರೆ ಬೆವರು ಕುಡಿಯುತ್ತಿತ್ತು. ಒಂದು ಭಾನುವಾರ ಭಾವ ಇದ್ದಕ್ಕಿದ್ದಂತೆ, ಫೋನು, ಅಳತೆಯ ವರ್ನಿಯರ್, ಬೀಗದ ಕೈ, ಊಟದ ಡಬ್ಬಿ ಎಲ್ಲ ಹಿಡಿಯುವಂಥ ಬ್ಯಾಗು ಕೊಡಿಸುತ್ತೇನೆ, ನಡಿ ಎಂದರು.

ಅಂಗಡಿಯವನ ಗ್ರಹಚಾರ ಶುರುವಾದದ್ದು ಸೊಂಟಕ್ಕೆ ಕಟ್ಟುವ ಬ್ಯಾಗಿನಿಂದ. ಭಾವ ಅದನ್ನು ತಮ್ಮ ಹೊಟ್ಟೆಗೇ ಕಟ್ಟಿಕೊಂಡು, ಸ್ಟೂಲಿನ ಮೇಲೆ ಕೂತು ಗಾಳಿಯಲ್ಲಿ ಸೈಕಲ್ ತುಳಿಯುತ್ತಾ, ಒಂದೇ ಕೈಯಲ್ಲಿ ಜಿಪ್ಪು ಎಳೆದು ನೋಡಿ, ಬೇಡ ಎಂದರು. ಇಬ್ಬರು ಗಿರಾಕಿಗಳು ಬಂದ ದಾರಿಯಲ್ಲೇ ಹಿಂದೆ ಹೋದರು. ಆಮೇಲೆ ಹ್ಯಾಂಡಲಿಗೆ ಸಿಕ್ಕಿಸುವ ಬ್ಯಾಗು ಬಂತು. ಎಡಗೈ ಒಂದರಲ್ಲೇ ಬಿಚ್ಚಿ ತೋರಿಸು ಎಂದರು. ಕಣ್ಣು ಮಿಟುಕಿಸುವುದರಲ್ಲಿ ಬಿಚ್ಚಿ, ಇದೇ ಇರಲಿ ಎಂದೆ. ಭಾವ ಮುಖ ಗಂಟಿಕ್ಕಿ, ಯಾವ ಧ್ಯಾನದಲ್ಲಿದ್ದರೋ, ಜೇಬಿನಿಂದ ಮಾರ್ಕರ್ ತೆಗೆದು ಅದರ ನೆತ್ತಿಗೆ ಕೆಂಪು ಗುರುತು ಹಾಕಿಯೇಬಿಟ್ಟರು!

“ಅಣ್ಣ, ಇನ್ನು ಇದನ್ನ ಯಾರಿಗೆ ಮಾರ್ಲಿ ನಾನು?” ಎಂದ ಅಂಗಡಿಯವನು, ಅಳುವುದೊಂದು ಬಾಕಿ.

ರಿಜೆಕ್ಟಾದ ಮಾಲನ್ನು ದುಡ್ಡು ಕೊಟ್ಟು ಮನೆಗೆ ತಂದ ಇನ್‌ಸ್ಪೆಕ್ಟರ್ ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು. ಅಕ್ಕ ಅದರಲ್ಲಿ ಬೆಳ್ಳುಳ್ಳಿ ಹಾಕಿಟ್ಟಳು.

ಕೊನೆಗೆ ಪಾಸಾದದ್ದು ಸೀಟಿನ ಹಿಂದೆ ಕ್ಯಾರಿಯರಿಗೆ ಕಟ್ಟುವ ಖಾಕಿ ಕ್ಯಾನ್ವಾಸಿನ ಚೀಲ. ಮೇಲೊಂದು ಮುಚ್ಚಳ, ಅದಕ್ಕೆ ಎರಡು ಬಕಲ್, ಒಳಗೆ ಜಿಪ್ಪು. ಇದು ಬ್ಯಾಗೋ ಬ್ಯಾಂಕಿನ ಲಾಕರೋ ಎಂದು ಕೇಳಿದೆ. ಭಾವ ಬಕಲ್‌ಗಳನ್ನು ಎಳೆದು ನೋಡಿ, ಎಂದೂ ಇಲ್ಲದಷ್ಟು ಸಂತೋಷಪಟ್ಟರು.

ಮಾರನೆಯ ದಿನ ಹೈವೇಯಲ್ಲಿ ಬೆನ್ನ ಹಿಂದೆ ಫೋನು ಬಡಿದುಕೊಂಡಿತು. ಇಳಿದು, ಸ್ಟ್ಯಾಂಡ್ ಹಾಕಿ, ಎರಡೂ ಬಕಲ್ ಬಿಚ್ಚಿ, ಜಿಪ್ಪು ಎಳೆಯುವಷ್ಟರಲ್ಲಿ ನಿಂತಿತ್ತು. ತಿರುಗಿ ಮಾಡಿದರೆ, ಹೊಸ ಪಾರ್ಟಿ. ಕೆಲಸ ಆಗಲೇ ಪಕ್ಕದ ಷೆಡ್ಡಿಗೆ ಹೋಗಿತ್ತು.

ಅಂದು ಊಟಕ್ಕೆ ಕೂತಾಗ ಬ್ಯಾಗನ್ನು ಭಾವನ ಮುಂದೆ ಎಸೆಯದಿದ್ದುದೇ ಹೆಚ್ಚು. ಒಂದು ಕೈಗೆ ಬಿಚ್ಚಲು ಬರುವುದನ್ನೆಲ್ಲ ಬೇಡವೆಂದಿರಿ, ನಿಮ್ಮಿಂದ ಆರ್ಡರ್ ಹೋಯಿತು, ಇದೆಂಥ ತಪಾಸಣೆ ಎಂದು ಕೂಗಾಡಿದೆ. ಭಾವ ಮುದ್ದೆ ಮುರಿಯುತ್ತಾ ಮೆಲ್ಲಗೆ ಹೇಳಿದರು:

“ಬೇಕು ಅಂತಾನೇ ಬೇಡ ಅಂದೆ ಕಣೋ. ಮೊನ್ನೆ ಹೈವೇಲಿ ಒಂದು ಕೈ ಬಿಟ್ಕೊಂಡು, ಫೋನಲ್ಲಿ ನಕ್ಕೊಂಡು ಹೋಗ್ತಿದ್ದೆ ನೀನು. ಲಾರಿ ಪಕ್ಕದಲ್ಲೇ ಸವರ್ಕೊಂಡು ಹೋಯ್ತು. ಹಿಂದಿನ ಬಸ್ಸಲ್ಲಿ ನಾನಿದ್ದೆ. ಆರ್ಡರ್ ಹೋದ್ರೆ ಇನ್ನೊಂದು ಬರುತ್ತೆ. ನಿನ್ನ ಎಲ್ಲಿಂದ ತಂದ್ಕೊಡ್ಲಿ ನಿಮ್ಮಕ್ಕಂಗೆ?”

ಅಕ್ಕ ಕೈಯಲ್ಲಿ ಸಾರಿನ ಸೌಟು ಹಿಡಿದು ಹಾಗೇ ನಿಂತಿದ್ದಳು. ಅವಳಿಗೂ ಅದು ಆಗಲೇ ಗೊತ್ತಾದದ್ದು. ನಾನು ತಲೆ ಎತ್ತದೆ ಉಂಡೆ.

ಆಮೇಲೆ ಫೋನು ಬಂದಾಗಲೆಲ್ಲ ಇಳಿದೆ, ಬದಿಗೆ ನಿಂತೆ, ನಾನೇ ತಿರುಗಿ ಮಾಡಿದೆ. ಕೆಲವು ಕೆಲಸ ಹೋದವು. ಹೆಚ್ಚಿನವು ಉಳಿದವು.

ಈಗ ನನ್ನ ಹತ್ತಿರ ಎರಡು ಡ್ರಿಲ್ಲಿಂಗ್ ಮಷಿನ್, ಒಂದು ಲೇತ್, ಮೂರು ಜನ ಕೆಲಸಗಾರರು, ಒಂದು ಸೈಕಲ್. ಎರಡು ಕೈ, ಎರಡು ಕಾಲು.