ನಾಲ್ಕು ನಿಂಬೆಹಣ್ಣು ಮತ್ತು ಪ್ರಥಮ ದರ್ಜೆಯ ಗೇರ್‌ಬಾಕ್ಸ್

ಯಾವುದೇ ವಸ್ತುವನ್ನು ಕೊಳ್ಳುವ ಮುನ್ನ ಅದನ್ನು ಪರೀಕ್ಷೆಗೆ ಕೂರಿಸುವುದು ನನ್ನ ಪದ್ಧತಿ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಕಾಲದ ಅಭ್ಯಾಸವದು. ಅಮೆರಿಕಕ್ಕೆ ಬಂದು, ಕಮ್ಮಿಂಗ್ ಎಂಬ ಊರಿನಲ್ಲಿ ಮನೆ ಮಾಡಿ, ಬೇರೆ ಉದ್ಯೋಗ ಹಿಡಿದ ಮೇಲೂ ಕೆಂಪು ಪೆನ್ನು ನನ್ನ ಜೇಬನ್ನು ಬಿಟ್ಟಿಲ್ಲ. ಟೊಮೆಟೊ ಆರಿಸುವಾಗಲೂ ಮನಸ್ಸಿನಲ್ಲೇ ಅಂಕ ಕೊಡುತ್ತೇನೆ. ಆದಕಾರಣ, ನನ್ನ ಪಿಕಪ್ ಟ್ರಕ್ಕಿಗೆ ಹೊಸ ಗೇರ್‌ಬಾಕ್ಸ್ ಆರಿಸುವ ಪ್ರಸಂಗ ಬಂದಾಗ ನಾನು ಎಳ್ಳಷ್ಟೂ ಅಳುಕಲಿಲ್ಲ.

ಅಳುಕಬೇಕಾಗಿತ್ತು.

ಟ್ರಕ್ಕಿನ ಪೂರ್ವಾಪರವನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ. ದಿನವೂ ಆಫೀಸಿಗೆ ಹೋಗಿಬರಲು, ವಾರಾಂತ್ಯದಲ್ಲಿ ಕನ್ನಡ ಕೂಟದ ಕುರ್ಚಿ, ಜಮಖಾನಗಳನ್ನು ಸಾಗಿಸಲು ಅದನ್ನು ಕೊಂಡಿದ್ದೆ. ಹಿಂದಿನ ಮಾಲೀಕ ಅದಕ್ಕೊಂದು ಸೂಪರ್‌ಚಾರ್ಜರ್ ಹಾಕಿಸಿದ್ದ. ಎಂಜಿನ್ನಿನ ಬಾಯಿಗೆ ಬಲವಂತವಾಗಿ ಗಾಳಿ ತುರುಕಿ, ಅದಕ್ಕೆ ಇಲ್ಲದ ಶಕ್ತಿಯನ್ನು ಬರಿಸುವ ಯಂತ್ರವದು. ಮೂಲದ ಗೇರ್‌ಬಾಕ್ಸು ಆ ಶಕ್ತಿಯನ್ನು ತಾಳಲಾರದೆ, ಒಂದು ಶನಿವಾರ, ಕೂಟದ ಕುರ್ಚಿಗಳ ಸಮಕ್ಷಮದಲ್ಲಿ, ಹೆದ್ದಾರಿಯ ಅಂಚಿನಲ್ಲಿ ಪ್ರಾಣಬಿಟ್ಟಿತು. ಎಂಜಿನ್ ಕೂಗುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ.

ನನ್ನ ಪತ್ನಿ ಸುಮಿತ್ರೆಗೆ ಆ ಟ್ರಕ್ಕನ್ನು ಮಾರಿಸಲು ಅಂಥದೊಂದು ಕಾರಣ ಬೇಕಾಗಿತ್ತು. ನಾನು ವಾದಿಸಿದೆ, ಅಂಗಲಾಚಿದೆ. ಕೊನೆಗೊಂದು ಒಪ್ಪಂದವಾಯಿತು. ನಾಲ್ಕು ಗಂಟೆಗಳ ದಾರಿಯ ಷಾರ್ಲೆಟ್‌ನಲ್ಲಿ ಅವಳ ತಂಗಿಯ ಗೃಹಪ್ರವೇಶವಿತ್ತು. ಊಟದ ಹುಳಿ ಮತ್ತು ಒಬ್ಬಟ್ಟು ನಮ್ಮ ಮನೆಯಿಂದಲೇ ಹೋಗಬೇಕಾಗಿತ್ತು.

“ಅಡುಗೆ ಸಮೇತ ಷಾರ್ಲೆಟ್ ತಲುಪಿಸಿದ್ರೆ ಟ್ರಕ್ ಇಟ್ಕೊಳ್ಳಿ,” ಎಂದಳು. “ಕೈಕೊಟ್ರೆ, ವಾಪಸ್ ಬಂದ ದಿನಾನೇ ಆನ್‌ಲೈನಲ್ಲಿ ಮಾರಾಟಕ್ಕೆ ಲಿಸ್ಟ್ ಮಾಡ್ತೀನಿ. ಫೋಟೋ ಆಗ್ಲೇ ತೆಗ್ದಿಟ್ಟಿದ್ದೀನಿ.”

ಪರೀಕ್ಷೆಗೆ ಮೂರು ಗೇರ್‌ಬಾಕ್ಸುಗಳು ಕುಳಿತವು. ಒಂದು, ಹಳೆಯದರ ತಮ್ಮನಂತಿದ್ದದ್ದು. ಅದನ್ನು ಅಲ್ಲಿಯೇ ಅನುತ್ತೀರ್ಣಗೊಳಿಸಿದೆ. ಎರಡನೆಯದು ಒಳಗಿನ ಭಾಗಗಳನ್ನೆಲ್ಲ ಗಟ್ಟಿಗೊಳಿಸಿದ, ಆದರೆ ದಿನಬಳಕೆಗೆಂದೇ ಹದಗೊಳಿಸಿದ ವಿನೀತ ಅಭ್ಯರ್ಥಿ. ಮೂರನೆಯದು ಭೀಮ! ನನ್ನ ಟ್ರಕ್ಕಿನಂಥ ಎರಡು ಟ್ರಕ್ಕುಗಳ ಶಕ್ತಿಯನ್ನು ಅರಗಿಸಿಕೊಳ್ಳಬಲ್ಲದು. ನನ್ನ ಪ್ರಶ್ನೆಪತ್ರಿಕೆಯಲ್ಲಿ ಇದ್ದದ್ದು ಒಂದೇ ವಿಷಯ, ಬಲ.

ಅಂಗಡಿಯವನು ಫೋನಿನಲ್ಲಿ ಬಹಳ ತಾಳ್ಮೆಯಿಂದ ವಿವರಿಸಿದ. ಎರಡನೆಯದೇ ನಿಮಗೆ ಸಾಕು. ಮೂರನೆಯದು ರೇಸಿಗೆ ಮಾಡಿದ್ದು. ಅದರ ಗೇರುಗಳನ್ನು ಕೈಯಿಂದಲೇ ಬದಲಿಸಬೇಕು. ಎಂಜಿನ್ ಜೋರಾಗಿ ಗರ್ಜಿಸುವ ತನಕ ಗಾಡಿ ಕದಲುವುದಿಲ್ಲ. ಕದಲಿದರೆ ಮೆಲ್ಲಗೆ ಕದಲುವುದಿಲ್ಲ. ನಾನು ಮನಸ್ಸಿನಲ್ಲೇ ನಕ್ಕೆ. ನಮ್ಮೂರಿನ ಬಟ್ಟೆ ಅಂಗಡಿಗಳಲ್ಲಿ ಪಳಗಿದವನು ನಾನು. ‘ಅದು ನಿಮಗೆ ಬೇಡ ಸಾರ್, ಇದನ್ನ ತೊಗೊಳ್ಳಿ’ ಎಂದು ಅಂಗಡಿಯವನು ಅಂದನೆಂದರೆ, ಒಳ್ಳೆಯ ಮಾಲು ಮೇಲಿನ ಕಪಾಟಿನಲ್ಲಿದೆ ಎಂದೇ ಅರ್ಥ. ಮೂರನೆಯದನ್ನೇ ಹಾಕುವಂತೆ ಆಜ್ಞಾಪಿಸಿದೆ.

ಎದುರು ಮನೆಯ ರಾಮಸ್ವಾಮಿಯವರು ನಿವೃತ್ತ ಹೃದ್ರೋಗ ತಜ್ಞರು. ಅವರಿಗೆ ಸಂಶಯ.

“ಮೇಷ್ಟ್ರೇ, ಆಫೀಸಿಗೆ ಹೋಗಿಬರೋ ಗಾಡಿಗೆ ಅಷ್ಟು ಸ್ಟ್ರಾಂಗ್ ಬೇಕಾ?”

“ಡಾಕ್ಟ್ರೇ, ನೀವು ಪೇಷಂಟಿಗೆ ವೀಕಾಗಿರೋ ಹಾರ್ಟ್ ಹಾಕ್ತೀರಾ?”

“ಇಲ್ಲ. ಕುದುರೇದೂ ಹಾಕಲ್ಲ.”

ಟ್ರಕ್ ಸಿದ್ಧವಾದಾಗ, ಒಮ್ಮೆ ಓಡಿಸಿ ಅಭ್ಯಾಸ ಮಾಡಿಕೊಳ್ಳಿ ಎಂದು ಅಂಗಡಿಯವನು ಕರೆದ. ನಾನು ಒಪ್ಪಲಿಲ್ಲ. ಹೊಸ ಗೇರ್‌ಬಾಕ್ಸೆಂದರೆ ಹೊಸ ವಾಹನವಿದ್ದಂತೆ. ಪೂಜೆಗೆ ಮುನ್ನ ಓಡಿಸುವುದುಂಟೇ? ಹೀಗಾಗಿ ಅದು ಇನ್ನೊಂದು ಲಾರಿಯ ಬೆನ್ನೇರಿ, ಮದುಮಗನಂತೆ ನಮ್ಮ ಮನೆಗೆ ಬಂತು.

ಷಾರ್ಲೆಟ್‌ಗೆ ಹೊರಡುವ ಬೆಳಿಗ್ಗೆ ಪೂಜೆ. ಸುಮಿತ್ರೆ ಟ್ರಕ್ಕಿನ ಹಣೆಗೆ ಕುಂಕುಮವಿಟ್ಟಳು. ಚಕ್ರಕ್ಕೊಂದರಂತೆ ನಿಂಬೆಹಣ್ಣು ಇಟ್ಟೆವು. ಹಿಂದೆ, ಹುಳಿ ತುಂಬಿದ ಕೊಳದಪ್ಪಲೆಯನ್ನು ನಾನೇ ಹಗ್ಗ ಹಾಕಿ ಶಾಸ್ತ್ರೋಕ್ತವಾಗಿ ಬಿಗಿದಿದ್ದೆ. ಡಾಕ್ಟರು ಬಿಳಿ ಜುಬ್ಬ ತೊಟ್ಟು ಪಕ್ಕದಲ್ಲಿ ನಿಂತು ಗಂಟೆ ಬಾರಿಸುತ್ತಿದ್ದರು. ನಮ್ಮ ಮನೆ ರಸ್ತೆಗಿಂತ ಕೊಂಚ ತಗ್ಗಿನಲ್ಲಿದೆ; ಟ್ರಕ್ ನಿಂಬೆಹಣ್ಣುಗಳನ್ನು ಮೆಟ್ಟಿ, ಏರು ಹತ್ತಿ, ರಸ್ತೆ ಸೇರಬೇಕು.

“ನಿಧಾನ ಮೇಷ್ಟ್ರೇ,” ಎಂದರು ಡಾಕ್ಟರು. “ಪಾನಕಕ್ಕೆ ಹಿಂಡೋ ಹಾಗೆ.”

ಮೆಲ್ಲಗೆ ಒತ್ತಿದೆ. ಟ್ರಕ್ ಗುರುಗುಟ್ಟಿತು. ಕದಲಲಿಲ್ಲ. ಇನ್ನಷ್ಟು ಒತ್ತಿದೆ. ಕಿಟಕಿಗಳು ಅದುರಿದವು. ನಿಂಬೆಹಣ್ಣುಗಳು ಹಾಗೆಯೇ ಇದ್ದವು.

“ರೀ, ಹ್ಯಾಂಡ್‌ಬ್ರೇಕ್ ಹಾಕಿದ್ದೀರೇನೋ ನೋಡಿ,” ಎಂದಳು ಸುಮಿತ್ರೆ.

ಹಾಕಿರಲಿಲ್ಲ. ಒಂದು ಯಃಕಶ್ಚಿತ್ ನಿಂಬೆಹಣ್ಣಿನ ಮುಂದೆ ಸೋಲುವುದೇ? ಇನ್ನೂ ಕೊಂಚ ಒತ್ತಿದೆ.

ಟ್ರಕ್ ‘ಹೊರಟಿತು’ ಎಂದರೆ ಕ್ರಿಯಾಪದಕ್ಕೆ ಅಪಚಾರವಾದೀತು. ಹಾರಿತು! ಏರು ಎಂದು ನಾನು ಭಾವಿಸಿದ್ದು ಅದಕ್ಕೆ ಜಿಗಿಹಲಗೆಯಾಯಿತು. ರಸ್ತೆಯನ್ನು ನಾನು ಅಡ್ಡಲಾಗಿ ದಾಟಿದ್ದು ಅರೆಬರೆ ನೆನಪಿದೆ. ಬ್ರೇಕ್ ತುಳಿದು ಕಣ್ಣು ತೆರೆದಾಗ ಡಾಕ್ಟರ ಹುಲ್ಲುಹಾಸಿನ ಮೇಲಿದ್ದೆ. ಅವರ ಅಂಚೆಪೆಟ್ಟಿಗೆ ನನ್ನ ಕೆಳಗಿತ್ತು.

ಕೊಳದಪ್ಪಲೆ ಒಂದಂಗುಲವೂ ಅಲುಗಿರಲಿಲ್ಲ. ನನ್ನ ಗಂಟು ಅಂಥದು. ಆದರೆ ಒಳಗಿನ ಹುಳಿಯನ್ನು ನಾನು ಕಟ್ಟಿರಲಿಲ್ಲ. ಹಿಂಬದಿಯ ಗಾಜಿನ ಮೇಲೆ ಕುಂಬಳಕಾಯಿ ಹೋಳೊಂದು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅಂದು ಬೆಳಿಗ್ಗೆ ನಿಧಾನವಾಗಿ ಚಲಿಸಿದ ವಸ್ತು ಅದೊಂದೇ.

ರಸ್ತೆಯ ಆಚೆ ಬದಿಯಲ್ಲಿ, ನಮ್ಮ ಮನೆಯ ಮುಂದೆ, ಡಾಕ್ಟರು ನಿಂತೇ ಇದ್ದರು. ಜುಬ್ಬದ ಎದೆಯ ಮೇಲೆ ಅರ್ಧ ನಿಂಬೆಹಣ್ಣು. ಕೈಯಲ್ಲಿನ ಗಂಟೆ ತಾನಾಗಿಯೇ ಬಡಿದುಕೊಳ್ಳುತ್ತಿತ್ತು. ಸುಮಿತ್ರೆ ಆರತಿ ತಟ್ಟೆಯನ್ನು ಕೆಳಗಿಟ್ಟು, ಫೋನ್ ತೆಗೆದು, ಒಂದು ಫೋಟೋ ಹಿಡಿದಳು.

“ಇದೂ ಇರ್ಲಿ, ಲಿಸ್ಟಿಂಗ್‌ಗೆ,” ಎಂದಳು.

ಷಾರ್ಲೆಟ್‌ಗೆ ಹೋದದ್ದು ಡಾಕ್ಟರ ಮಿನಿವ್ಯಾನಿನಲ್ಲಿ. ಓಡಿಸಿದವರೂ ಅವರೇ. ಸುಮಿತ್ರೆ ಮುಂದೆ ಕುಳಿತಳು. ನಾನು ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಒಬ್ಬಟ್ಟಿನ ಡಬ್ಬಿ, ಮೊಣಕಾಲುಗಳ ನಡುವೆ ಅಳಿದುಳಿದ ಹುಳಿ. ಗೃಹಪ್ರವೇಶದಲ್ಲಿ ಹಾಲು ಉಕ್ಕಿತು, ಎಲ್ಲರೂ ಸಂತೋಷಪಟ್ಟರು. ನಮ್ಮ ಮನೆಯಲ್ಲಿ ಹುಳಿ ಆಗಲೇ ಉಕ್ಕಿತ್ತು. ಉಳಿದದ್ದಕ್ಕೆ ನೀರು ಬೆರೆಸಿ ಸಾರು ಎಂದು ಬಡಿಸಿದೆವು. ‘ಹುಳಿ ಎಲ್ಲಿ ಅಕ್ಕಾ?’ ಎಂದು ತಂಗಿ ಕೇಳಿದಾಗ ಸುಮಿತ್ರೆ ತಲೆ ಎತ್ತಲಿಲ್ಲ.

“ಡಾಕ್ಟ್ರ ಲಾನಿಗೆ ಬಡಿಸ್ಬಿಟ್ವಿ ಕಣೆ.”

ಕೊಟ್ಟ ಮಾತಿನಂತೆ, ಊರಿಗೆ ಮರಳಿದ ದಿನವೇ ಟ್ರಕ್ ಮಾರಾಟಕ್ಕೆ ನಿಂತಿತು, ಎರಡನೆಯ ಫೋಟೋ ಸಹಿತ. ನಾನು ಊಟ ಬಿಟ್ಟೆ. ಅದನ್ನು ಯಾರೂ ಗಮನಿಸಲಿಲ್ಲ. ಕಾದು ಕಾದು ಬಂದದ್ದು ಒಂದೇ ವಿಚಾರಣೆ, ರಾಕ್‌ವಿಲ್‌ನ ಕನ್ನಡತಿಯೊಬ್ಬರಿಂದ: ಗಾಜಿನ ಮೇಲಿರುವ ಹುಳಿಯ ಬಣ್ಣ ಬಹಳ ಚೆನ್ನಾಗಿದೆ, ಪುಡಿ ಮನೆಯದೇ? ಅಂದು ಸಂಜೆ ಸುಮಿತ್ರೆಯ ಮನಸ್ಸು ಕೊಂಚ ಕರಗಿತು.

“ಟ್ರಕ್ ಇರ್ಲಿ,” ಎಂದಳು. “ಅದಕ್ಕೆ ಬುದ್ಧಿ ಇರೋ ಗೇರ್‌ಬಾಕ್ಸ್ ಹಾಕ್ಸಿ. ಕೀ ನನ್ನ ಹತ್ರ ಇರುತ್ತೆ.”

ಅಂಗಡಿಗೆ ಫೋನ್ ಮಾಡಿ, ತಗ್ಗಿದ ದನಿಯಲ್ಲಿ ಎರಡನೆಯದನ್ನು ಕೇಳಿದೆ. ಅವನು ನಗಲಿಲ್ಲ. ಅದನ್ನು ನನ್ನ ಹೆಸರಿನಲ್ಲೇ ತೆಗೆದಿರಿಸಿದ್ದನಂತೆ.

ಮತ್ತೆ ಪೂಜೆಯಾಯಿತು. ಮತ್ತೆ ನಾಲ್ಕು ನಿಂಬೆಹಣ್ಣು. ಈ ಸಲ ಡಾಕ್ಟರು ಹಳೆಯ ಟೀ ಶರ್ಟ್ ತೊಟ್ಟಿದ್ದರು. ನನ್ನನ್ನು ತಮ್ಮ ಹೊಸ ಅಂಚೆಪೆಟ್ಟಿಗೆಯ ಮುಂದೆ, ತಡೆಗೋಡೆಯ ಹುದ್ದೆಗೆ ನೇಮಿಸಿದರು. ಸುಮಿತ್ರೆ ಟ್ರಕ್ಕನ್ನು ಎಷ್ಟು ಮೃದುವಾಗಿ ಹೊರಡಿಸಿದಳೆಂದರೆ, ನಿಂಬೆಹಣ್ಣುಗಳು ಒಡೆದ ಸದ್ದು ನನಗೆ ರಸ್ತೆಯ ಆಚೆಗೂ ಕೇಳಿಸಿತು. ಕೈ ಬೀಸಿ ತನ್ನ ಆಫೀಸಿಗೆ ಹೊರಟೇಹೋದಳು.

ನಾನು ಸಿಪ್ಪೆಗಳನ್ನು ಹೆಕ್ಕಿದೆ, ನೆಲ ತೊಳೆದೆ. ಆ ಗೇರ್‌ಬಾಕ್ಸಿಗೆ ಅಂಕ ಕೊಡೋಣವೆಂದು ಜೇಬಿಗೆ ಕೈ ಹಾಕಿದರೆ ಜೇಬು ಖಾಲಿ. ಕೀಲಿಯ ಜೊತೆಗೆ ಕೆಂಪು ಪೆನ್ನೂ ಅವಳ ಕೈಚೀಲದಲ್ಲೇ ಹೋಗಿತ್ತು.